ಪರಕಾಯ ಪ್ರವೇಶಕ್ಕೊಂದು ಗುಂಡಿ

ಮಳೆಗಾಲದಲ್ಲಿ ಮಡಿಕೇರಿಯ ರಾಜಾಸೀಟಿಗೆ ಬರುವ ಪ್ರವಾಸಿಗರು ಎಷ್ಟೋ ಸಲ ಗೊಣಗಿಕೊಂಡೇ ಕಾರು ಹತ್ತುತ್ತಾರೆ. ಎದುರಿಗೆ ಕಣಿವೆ, ಗದ್ದೆ, ಬೆಟ್ಟದ ಸಾಲು ಎಲ್ಲವೂ ಇದೆಯಂತೆ. ಕಣ್ಣಿಗೆ ಬೀಳುವುದು ಮಾತ್ರ ಸುಣ್ಣ ಬಳಿದಂಥ ಮಂಜು. ವಿಡಿಯೊ ಗೇಮ್ ಮಾಡುವವರಿಗೆ ಈ ಮಂಜು ಹಳೆಯ ಉಪಕಾರಿ. 1999ರಲ್ಲಿ ಬಂದ ‘ಸೈಲೆಂಟ್ ಹಿಲ್’ ಎಂಬ ಗೇಮಿನಲ್ಲಿ ಊರಿಡೀ ಮಂಜು ಕವಿದಿರುತ್ತದೆ. ಹೆದರಿಸುವುದಕ್ಕೇ ಹಾಗೆ ಮಾಡಿದ್ದಾರೆ ಎಂದು ಆಡಿದವರು ಅಂದುಕೊಂಡರು. ಹೆದರಿಕೆಯೂ ಆಯಿತು, ಸುಳ್ಳಲ್ಲ. ಆದರೆ ಆ ಮಂಜಿನಾಚೆ ಊರೇ ಇರಲಿಲ್ಲ! ಆಗಿನ ಪ್ಲೇಸ್ಟೇಷನ್‌ಗೆ ಇದ್ದ ಮುಖ್ಯ ಮೆಮೊರಿ 2 ಎಂಬಿ. ಅಷ್ಟರಲ್ಲಿ ಇಡೀ ಊರು ಹಿಡಿಸುವುದಿಲ್ಲ. ಆಟಗಾರ ನಾಲ್ಕು ಹೆಜ್ಜೆ ಇಟ್ಟರೆ ಮುಂದಿನ ನಾಲ್ಕು ಹೆಜ್ಜೆಯಷ್ಟು ಊರು ಹುಟ್ಟುತ್ತಿತ್ತು, ಹಿಂದೆ ಬಿಟ್ಟದ್ದು ಅಳಿಯುತ್ತಿತ್ತು. ಈ ಹುಟ್ಟು ಸಾವು ಕಾಣದಂತೆ ಮಂಜಿನ ಪರದೆ ಕಟ್ಟಿದ್ದರು.

‘ಓಪನ್ ವರ್ಲ್ಡ್’ ಗೇಮುಗಳ ಗುಟ್ಟು ಇಂದಿಗೂ ಇಷ್ಟೇ. ಬೇಕಾದ ಕಡೆ ಹೋಗಬಹುದು, ಬೇಕಾದ ಕಾರು ಹತ್ತಬಹುದು, ಕಥೆಯನ್ನು ಬದಿಗಿಟ್ಟು ಸಮುದ್ರದ ದಂಡೆಯಲ್ಲಿ ಸುಮ್ಮನೆ ಅಲೆಯಬಹುದು. ಆದರೆ ಯಂತ್ರದ ತಲೆಯಲ್ಲಿ ಇಡೀ ಊರು ಯಾವತ್ತೂ ಇರುವುದಿಲ್ಲ. ನಿಮ್ಮ ಸುತ್ತಲಿನ ನಾಲ್ಕು ಬೀದಿ ಇರುತ್ತದೆ, ದೂರದ್ದು ಒರಟು ಬೊಂಬೆಯ ರೂಪದಲ್ಲಿ ನಿಂತಿರುತ್ತದೆ. 2002ರ ‘ವೈಸ್ ಸಿಟಿ’ಯನ್ನು ನಮ್ಮ ಸೈಬರ್ ಕೆಫೆಗಳ ತಲೆಮಾರು ಮರೆತಿರಲಾರದು. ಕೀಬೋರ್ಡಿನಲ್ಲಿ ‘ಪ್ಯಾಂಜರ್’ ಎಂದು ಒತ್ತಿದರೆ ಎದುರಿಗೆ ಯುದ್ಧದ ಟ್ಯಾಂಕೇ ಬಂದು ನಿಲ್ಲುತ್ತಿದ್ದ ಆಟ ಅದು. ಅದರಲ್ಲಿ ಎರಡು ದೊಡ್ಡ ದ್ವೀಪಗಳು. ಪ್ಲೇಸ್ಟೇಷನ್ 2ರ 32 ಎಂಬಿಯಲ್ಲಿ ಎರಡೂ ಒಟ್ಟಿಗೆ ಕೂರುತ್ತಿರಲಿಲ್ಲ. ಸೇತುವೆ ದಾಟುವಾಗ ಒಂದು ಚಿತ್ರಪಟ ಬಂದು, ಆಟ ನಿಂತು, ಅತ್ತ ಕಡೆಯ ದ್ವೀಪ ಲೋಡ್ ಆಗುವವರೆಗೆ ಕಾಯಬೇಕಿತ್ತು. 2004ರ ‘ಸ್ಯಾನ್ ಆಂಡ್ರಿಯಾಸ್’ ಆ ತಡೆಯನ್ನು ತೆಗೆದು ಮೂರು ನಗರಗಳನ್ನು ಒಂದೇ ನೆಲಕ್ಕೆ ಹೊಲಿಯಿತು; ದೂರವನ್ನು ಮಾತ್ರ ದೂಳುಬಣ್ಣದ ಮಸುಕಿನಲ್ಲಿ ಮುಚ್ಚಿಟ್ಟಿತು.

ಈ ಎಲ್ಲ ಗೇಮುಗಳಿಗೂ ಒಂದು ಭರವಸೆ ಇತ್ತು. ಆಟಗಾರ ಒಬ್ಬನೇ, ಅವನಿರುವ ಜಾಗವೂ ಒಂದೇ. ಅವನ ಕಾರು ಎಷ್ಟೇ ಜೋರಾಗಿ ಓಡಿದರೂ ವೇಗಕ್ಕೊಂದು ಮಿತಿ ಇದೆ. ಯಾವ ದಿಕ್ಕಿಗೆ ಹೊರಟಿದ್ದಾನೆಂದು ನೋಡಿ ಮುಂದಿನ ಬೀದಿಯನ್ನು ಮೊದಲೇ ತಂದಿಟ್ಟುಕೊಂಡರಾಯಿತು. 2013ರ ಸೆಪ್ಟೆಂಬರ್ 17ರಂದು ಬಿಡುಗಡೆಯಾದ ‘ಗ್ರ್ಯಾಂಡ್ ಥೆಫ್ಟ್ ಆಟೊ 5’, ಎಲ್ಲರ ಬಾಯಲ್ಲಿ ‘ಜಿಟಿಎ 5’, ಈ ಭರವಸೆಯನ್ನೇ ಮುರಿದು ಹಾಕಿತು.

ಲಾಸ್ ಏಂಜಲೀಸನ್ನು ಹೋಲುವ ಲಾಸ್ ಸ್ಯಾಂಟೋಸ್ ಎಂಬ ಊರು. ಅದರಲ್ಲಿ ಒಬ್ಬನಲ್ಲ, ಮೂವರು ನಾಯಕರು. ಮೈಕಲ್ ಡಿ ಸ್ಯಾಂಟಾ, ದರೋಡೆ ಬಿಟ್ಟು ಸಿರಿವಂತರ ಬಡಾವಣೆಯಲ್ಲಿ ಈಜುಕೊಳದ ಪಕ್ಕ ಕೂತು ಬೇಸತ್ತವನು. ಫ್ರಾಂಕ್ಲಿನ್ ಕ್ಲಿಂಟನ್, ಬಡವರ ಬೀದಿಯಲ್ಲಿ ಚಿಕ್ಕಮ್ಮನ ಬೈಗುಳ ತಿಂದುಕೊಂಡು ಇದಕ್ಕಿಂತ ದೊಡ್ಡದೇನೋ ಬೇಕೆನ್ನುವ ಹುಡುಗ. ಟ್ರೆವರ್ ಫಿಲಿಪ್ಸ್, ಮರಳುಗಾಡಿನ ಹರಕು ಟ್ರೇಲರ್ ಮನೆಯ ವಿಮಾನ ಚಾಲಕ, ಯಾವಾಗ ಸಿಡಿಯುತ್ತಾನೆಂದು ಹೇಳಲಾಗದ ಮನುಷ್ಯ. ಕಂಟ್ರೋಲರಿನಲ್ಲಿ ಕೆಳಬಾಣದ ಗುಂಡಿ, ಕಂಪ್ಯೂಟರಿನಲ್ಲಿ ಆಲ್ಟ್ ಕೀ ಒತ್ತಿ ಹಿಡಿದರೆ ಪರದೆಯ ಮೂಲೆಯಲ್ಲಿ ಒಂದು ಚಕ್ರ ಮೂಡುತ್ತದೆ, ಅದರಲ್ಲಿ ಮೂವರ ಮುಖ. ಬೇಕಾದವನನ್ನು ಆರಿಸಿ ಬೆರಳು ಬಿಟ್ಟರೆ ನೀವು ಅವನಾಗಿರುತ್ತೀರಿ.

ಒಂದು ಸಲ ಇದನ್ನು ನಿಧಾನವಾಗಿ ಗಮನಿಸಿ ನೋಡಿ. ಮೈಕಲ್ ರಸ್ತೆಯ ಬದಿಯಲ್ಲಿ ನಿಂತಿದ್ದಾನೆ. ನೀವು ಟ್ರೆವರನನ್ನು ಆರಿಸಿದಿರಿ. ಕ್ಯಾಮೆರಾ ಮೈಕಲನ ಬೆನ್ನು ಬಿಟ್ಟು ಗಕ್ಕನೆ ಮಾಳಿಗೆಯ ಎತ್ತರಕ್ಕೆ ಹಾರುತ್ತದೆ. ಮತ್ತೊಂದು ನೆಗೆತಕ್ಕೆ ಬೀದಿಗಳು ಗೆರೆಗಳಾಗುತ್ತವೆ. ಇನ್ನೊಂದಕ್ಕೆ ಊರು ಉಪಗ್ರಹದಿಂದ ತೆಗೆದ ಚಿತ್ರದಂತಾಗುತ್ತದೆ. ಆ ಎತ್ತರದಲ್ಲೇ ಕ್ಯಾಮೆರಾ ಉತ್ತರದ ಮರಳುಗಾಡಿನತ್ತ ಜಾರಿ, ಬಂದ ಹಾಗೆಯೇ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಟ್ರೆವರನ ಹೆಗಲ ಹಿಂದೆ ನಿಲ್ಲುತ್ತದೆ. ಕೆಲವೇ ಸೆಕೆಂಡುಗಳ ಕೆಲಸ. ಆಟ ಎಲ್ಲಿಯೂ ನಿಲ್ಲಲಿಲ್ಲ, ‘ದಯವಿಟ್ಟು ಕಾಯಿರಿ’ ಎಂಬ ಫಲಕವೂ ಬರಲಿಲ್ಲ.

ಕಾಯಿಸಿದ್ದು ಮಾತ್ರ ಹೌದು. ಈ ಗೇಮ್ ಮೊದಲು ಬಂದದ್ದು ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಕ್ಕೆ. ಮೊದಲನೆಯದರಲ್ಲಿ 256 ಎಂಬಿಯ ಎರಡು ಪಾಲು, ಎರಡನೆಯದರಲ್ಲಿ ಒಟ್ಟು 512 ಎಂಬಿ ಮೆಮೊರಿ. ಇಂದು ಪೇಟೆಯಲ್ಲಿ ಸಿಗುವ ಅಗ್ಗದ ಸ್ಮಾರ್ಟ್‌ಫೋನಿನಲ್ಲೂ ಅದರ ಹಲವು ಪಟ್ಟು ಇದೆ. ಅಷ್ಟರೊಳಗೆ ಎರಡು ಜಾಗದ ಗಿಡ, ಗೋಡೆ, ಜನರನ್ನು ಒಟ್ಟಿಗೆ ಇಟ್ಟುಕೊಳ್ಳಲು ಸಾಧ್ಯವೇ ಇಲ್ಲ. ಕ್ಯಾಮೆರಾ ಮೇಲೆ ಹೋದಂತೆಲ್ಲ ಸೂಕ್ಷ್ಮ ವಿವರ ಬೇಕಾಗುವುದಿಲ್ಲ. ಆಗ ಮೈಕಲನ ಬೀದಿಯನ್ನು ಮೆಮೊರಿಯಿಂದ ಹೊರಗೆ ಹಾಕಬಹುದು. ತೀರಾ ಎತ್ತರದಲ್ಲಿ ಒಂದು ಚಪ್ಪಟೆ ಚಿತ್ರ ಸಾಕು. ನೀವು ಆ ಚಿತ್ರ ನೋಡುತ್ತಿರುವಾಗಲೇ ಯಂತ್ರ ಡಿಸ್ಕಿನಲ್ಲಿ ತಡಕಾಡಿ ಟ್ರೆವರನ ಮರಳುಗಾಡನ್ನು ಎಳೆದು ತರುತ್ತದೆ, ಮೊದಲು ಒರಟು ಆಕಾರ, ಆಮೇಲೆ ನಯ ನಾಜೂಕು. ತರುವುದು ತಡವಾದರೆ ಕ್ಯಾಮೆರಾ ಮೇಲೆಯೇ ಸ್ವಲ್ಪ ಹೊತ್ತು ತೇಲಿಕೊಂಡಿರುತ್ತದೆ. ಇದೇ ಗೇಮಿನ ಆನ್‌ಲೈನ್ ಆವೃತ್ತಿಯಲ್ಲಿ ಮೋಡದಲ್ಲಿ ಸಿಕ್ಕಿಹಾಕಿಕೊಳ್ಳುವುದು ಆಟಗಾರರ ನಡುವೆ ಮಾಮೂಲಿ ತಮಾಷೆ. ಇಬ್ಬರೂ ಒಂದೇ ಜಾಗದಲ್ಲಿದ್ದರೆ ಈ ಹಾರಾಟವೇ ಇಲ್ಲ, ಎರಡೂ ಕಡೆಯ ಸಾಮಾನು ಮೊದಲೇ ಕೈಯಲ್ಲಿರುತ್ತದೆ.

ಬಡತನವನ್ನು ಮುಚ್ಚಲು ಹೂಡಿದ ಉಪಾಯವೇ ಗೇಮಿನ ಗುರುತಾಗಿ ಉಳಿಯಿತು. ಲೋಡಿಂಗ್ ಪರದೆಗಳಲ್ಲಿ ಇದಕ್ಕಿಂತ ಸೊಗಸಾದ್ದನ್ನು ನಾನು ಕಂಡಿಲ್ಲ.

ಪರಕಾಯ ಪ್ರವೇಶ ನಮಗೆ ಹೊಸದೇನಲ್ಲ. ಶಂಕರಾಚಾರ್ಯರು ಅಮರುಕ ರಾಜನ ದೇಹ ಹೊಕ್ಕಾಗ ಅವರ ಸ್ವಂತ ದೇಹವನ್ನು ಶಿಷ್ಯರು ಗುಹೆಯಲ್ಲಿ ಕಾದರಂತೆ. ಮರಳಿ ಬಂದಾಗ ಅದು ಬಿಟ್ಟ ಹಾಗೆಯೇ ಇತ್ತು. ಜಿಟಿಎಯಲ್ಲಿ ಬಿಟ್ಟು ಹೋದ ದೇಹ ಸುಮ್ಮನೆ ಬಿದ್ದಿರುವುದಿಲ್ಲ. ತುಸು ಹೊತ್ತಿನ ಮೇಲೆ ಟ್ರೆವರನಿಗೆ ಮರಳಿದರೆ ಅವನು ಹೆಂಗಸರ ಉಡುಪು ತೊಟ್ಟು ಬೆಟ್ಟದ ತುದಿಯಲ್ಲಿ ಕಣ್ಣು ಬಿಡುತ್ತಿರಬಹುದು. ಮೈಕಲ್ ಮನೆಯವರೊಡನೆ ಜಗಳದ ನಡುವೆ ಸಿಗಬಹುದು. ಫ್ರಾಂಕ್ಲಿನ್ ನಾಯಿಯನ್ನು ಅಡ್ಡಾಡಿಸುತ್ತಿರಬಹುದು. ನಾವಿಲ್ಲದಾಗಲೂ ಇವರು ಬದುಕುತ್ತಿದ್ದರು ಎಂದು ನಂಬಿಕೆ ಬರುತ್ತದೆ. ನಿಜಕ್ಕೂ ಬದುಕುತ್ತಿರಲಿಲ್ಲ. ಹೊತ್ತು ಯಾವುದು, ಕಥೆ ಎಲ್ಲಿಗೆ ಬಂದಿದೆ ಎಂದು ನೋಡಿ ಮೊದಲೇ ಬರೆದಿಟ್ಟ ದೃಶ್ಯಗಳಲ್ಲಿ ಒಂದನ್ನು ಯಂತ್ರ ಆಯುತ್ತದೆ. ಸುಳ್ಳೇ, ಆದರೆ ಆ ಕ್ಷಣಕ್ಕೆ ಸಾಕಾಗುವ ಸುಳ್ಳು.

ಹಲವು ಪಾತ್ರಗಳ ನಡುವೆ ಓಡಾಡುವ ಆಟ ಜಿಟಿಎ ಕಂಡುಹಿಡಿದದ್ದಲ್ಲ. 1987ರ ‘ಮೇನಿಯಾಕ್ ಮ್ಯಾನ್ಶನ್’ನಲ್ಲೇ ಏಳು ಮಂದಿಯಲ್ಲಿ ಮೂವರ ತಂಡ ಕಟ್ಟಿಕೊಂಡು ಒಬ್ಬನಿಂದ ಸಡಿಲ ಇಟ್ಟಿಗೆ ಒತ್ತಿಸಿ ಇನ್ನೊಬ್ಬನನ್ನು ನೆಲಮಾಳಿಗೆಯಿಂದ ಹೊರಗೆ ಕಳಿಸಬೇಕಿತ್ತು. ಹಲವು ಸೈನಿಕರನ್ನು ಒಬ್ಬೊಬ್ಬರಾಗಿ ಆಡಿಸುವ 1998ರ ‘ಕಮಾಂಡೋಸ್’ ನಮ್ಮ ಮನೆಗಳ ಹಳೆಯ ಕಂಪ್ಯೂಟರುಗಳಲ್ಲೂ ಓಡುತ್ತಿತ್ತು. 2011ರ ‘ಡ್ರೈವರ್: ಸ್ಯಾನ್ ಫ್ರಾನ್ಸಿಸ್ಕೊ’ದ ನಾಯಕ ಕೋಮಾದಲ್ಲಿ ಮಲಗಿದಲ್ಲಿಂದಲೇ ಊರಿನ ಯಾವ ಚಾಲಕನ ಮೈಯನ್ನಾದರೂ ಹೊಗುತ್ತಿದ್ದ. ಜಿಟಿಎ ತಂಡಕ್ಕೂ ಹಿಂದಿನ ಅಭ್ಯಾಸ ಇತ್ತು. 2008ರ ನಾಲ್ಕನೆಯ ಭಾಗಕ್ಕೆ ಮರುವರ್ಷ ಎರಡು ಉಪಕಥೆಗಳನ್ನು ಸೇರಿಸಿ, ಒಂದೇ ವಜ್ರದ ವ್ಯವಹಾರವನ್ನು ಮೂವರ ಕಣ್ಣಿನಲ್ಲಿ ತೋರಿಸಿದ್ದರು. ಐದನೆಯದರಲ್ಲಿ ಆ ಮೂರು ಕಣ್ಣು ಒಂದೇ ಆಟದೊಳಗೆ ಬಂದವು.

ಇದರ ಲಾಭ ಮೊದಲು ಕಾಣುವುದು ಗಡಿಬಿಡಿಯ ದೃಶ್ಯಗಳಲ್ಲಿ. ಒಂದು ಮಿಷನ್‌ನಲ್ಲಿ ಟ್ರೆವರ್ ಹೆಲಿಕಾಪ್ಟರ್ ಹಾರಿಸುತ್ತಾನೆ, ಮೈಕಲ್ ಅದರಿಂದ ಹಗ್ಗ ಹಿಡಿದು ಸರ್ಕಾರಿ ಬೇಹುಗಾರರ ಕಟ್ಟಡಕ್ಕೆ ಇಳಿದು ಗಾಜು ಒಡೆದು ಒಳನುಗ್ಗುತ್ತಾನೆ, ಫ್ರಾಂಕ್ಲಿನ್ ಎದುರಿನ ಕಟ್ಟಡದಿಂದ ದೂರದರ್ಶಕ ಬಂದೂಕು ಹಿಡಿದು ಅವನ ಬೆನ್ನು ಕಾಯುತ್ತಾನೆ. ಮೂರೂ ನೀವೇ. ಒಬ್ಬ ನಾಯಕನ ಗೇಮಿನಲ್ಲಿ ಗೆಳೆಯರು ಯಂತ್ರ ಆಡಿಸಿದ ಹಾಗೆ ಪೆದ್ದಾಗಿ ಗೋಡೆಗೆ ಡಿಕ್ಕಿ ಹೊಡೆಯುತ್ತಿರುತ್ತಾರೆ. ಇಲ್ಲಿ ಆ ಕಿರಿಕಿರಿ ಕಡಿಮೆ. ಜಾಣ ಆಟಗಾರರು ಇನ್ನೊಂದು ದಾರಿ ಕಂಡುಕೊಂಡರು. ಫ್ರಾಂಕ್ಲಿನ್ ಒಂದು ಕಂಪನಿಯ ಮುಖ್ಯಸ್ಥನನ್ನು ಕೊಲ್ಲುವ ಮೊದಲು, ಚಕ್ರ ತಿರುಗಿಸಿ ಮೂವರ ಖಾತೆಯ ಹಣವನ್ನೂ ಪ್ರತಿಸ್ಪರ್ಧಿ ಕಂಪನಿಯ ಷೇರಿಗೆ ಸುರಿದುಬಿಡುವುದು. ನಮ್ಮಲ್ಲಿ ಇದಕ್ಕೆ ಸೆಬಿ ನೋಟಿಸು ಬರುತ್ತದೆ.

ಆದರೆ ಈ ಗುಂಡಿಯ ನಿಜವಾದ ಬಲ ಗೊತ್ತಾಗುವುದು ತೀರಾ ಕಹಿಯಾದ ಒಂದು ಮಿಷನ್‌ನಲ್ಲಿ. (ಇದು 18 ದಾಟಿದವರ ಗೇಮ್ ಎಂಬುದನ್ನು ಇಲ್ಲೇ ಹೇಳಿಬಿಡಬೇಕು, ಮಕ್ಕಳ ಫೋನು, ಕಂಪ್ಯೂಟರಿನತ್ತ ಒಂದು ಕಣ್ಣಿಡಿ.) ಉಗ್ರಗಾಮಿಯೊಬ್ಬನ ಸುಳಿವು ಬೇಕೆಂದು ಸರ್ಕಾರದ ಗುಪ್ತಚರರು ಒಬ್ಬ ಬಡಪಾಯಿಯನ್ನು ಕುರ್ಚಿಗೆ ಕಟ್ಟಿದ್ದಾರೆ. ಟ್ರೆವರ್ ಅವನನ್ನು ಹಿಂಸಿಸಬೇಕು. ಊರಿನ ಇನ್ನೊಂದು ತುದಿಯಲ್ಲಿ ಮೈಕಲ್ ಬಂದೂಕು ಹಿಡಿದು ಒಂದು ಮನೆಯನ್ನು ನೋಡುತ್ತಿದ್ದಾನೆ, ಅಲ್ಲಿ ಹಲವು ಜನ. ಕುರ್ಚಿಯಲ್ಲಿರುವ ಮನುಷ್ಯ ಒಂದು ಮಾತು ಬಾಯಿಬಿಡುತ್ತಾನೆ: ಅವನಿಗೆ ಗಡ್ಡ ಇದೆ. ನೀವು ಮೈಕಲ್ ಆಗುತ್ತೀರಿ, ಗಡ್ಡದವರು ಒಬ್ಬರಿಗಿಂತ ಹೆಚ್ಚು. ಮತ್ತೆ ಟ್ರೆವರ್, ಮತ್ತೆ ಇಕ್ಕಳ. ಸಿಗರೇಟು ಸೇದುತ್ತಾನೆ. ಎಡಗೈಯವನು. ಮತ್ತೆ ಮೈಕಲ್, ಗುಂಡು.

2013ರಲ್ಲಿ ಈ ಮಿಷನ್ ದೊಡ್ಡ ಗಲಾಟೆ ಎಬ್ಬಿಸಿತು, ಮಾನವ ಹಕ್ಕುಗಳವರು ಖಂಡಿಸಿದರು. ಹಿಂಸೆಯನ್ನು ಗುಂಡಿ ಒತ್ತುವ ಆಟ ಮಾಡಿದ್ದು ನನಗೂ ಹಿಡಿಸುವುದಿಲ್ಲ. ಆದರೂ ಒಂದು ಮಾತು ಒಪ್ಪಬೇಕು. ಸಿನಿಮಾದಲ್ಲಿ ಹಿಂಸಿಸಿದವನು ಬೇರೆ, ಗುಂಡು ಹಾರಿಸಿದವನು ಬೇರೆ. ಹಾರಿಸಿದವನು ‘ನನಗೆ ಬಂದ ಮಾಹಿತಿ ಹಾಗಿತ್ತು’ ಎನ್ನುತ್ತಾನೆ, ಹಿಂಸಿಸಿದವನು ‘ಕೊಂದವನು ನಾನಲ್ಲ’ ಎನ್ನುತ್ತಾನೆ. ಇಲ್ಲಿ ಎರಡೂ ಕೈ ಒಬ್ಬನದೇ, ನುಣುಚಿಕೊಳ್ಳಲು ಜಾಗವಿಲ್ಲ. ಕಥೆಯ ಕೊನೆಯಲ್ಲಿ ಫ್ರಾಂಕ್ಲಿನ್ ಆಗಿ ಮೈಕಲನನ್ನೋ ಟ್ರೆವರನನ್ನೋ ಕೊಲ್ಲುವ ಆಯ್ಕೆಯೂ ಬರುತ್ತದೆ. ಕೊಂದರೆ ಆಮೇಲೆ ಚಕ್ರದಲ್ಲಿ ಅವನು ಸಿಗುವುದಿಲ್ಲ. ಎಷ್ಟೋ ಗಂಟೆ ಯಾರ ಮೈಯಲ್ಲಿದ್ದೆವೋ ಅವನನ್ನು ಹೊರಗಿನಿಂದ ಕಂಡು ಕೊಲ್ಲುವುದು ಒಬ್ಬನೇ ನಾಯಕನಿರುವ ಗೇಮಿನಲ್ಲಿ ಆಗದ ಕೆಲಸ. ಮೂವರನ್ನೂ ಉಳಿಸುವ ಮೂರನೆಯ ದಾರಿಯೂ ಇದೆ.

ಆಮೇಲಿನ ಯಂತ್ರಗಳಲ್ಲಿ ಕಾಯಿಸುವ ಕಷ್ಟವೇ ಹೋಯಿತು. ಪ್ಲೇಸ್ಟೇಷನ್ 5ರ ಎಸ್‌ಎಸ್‌ಡಿ ಒಂದು ಸೆಕೆಂಡಿಗೆ 5 ಜಿಬಿಗೂ ಹೆಚ್ಚು ಓದುತ್ತದೆ. 2023ರ ‘ಸ್ಪೈಡರ್‌ಮ್ಯಾನ್ 2’ರಲ್ಲಿ ಪೀಟರ್‌ನಿಂದ ಮೈಲ್ಸ್‌ಗೆ ಬದಲಾಗಲು ಹೆಚ್ಚು ಹೊತ್ತೇ ಬೇಡ. ಆದರೆ ಇಬ್ಬರೂ ಒಳ್ಳೆಯ ಹುಡುಗರು, ಇಬ್ಬರೂ ಬಲೆ ಎಸೆಯುವವರು. ಬದಲಾದದ್ದು ಅಂಗಿ ಮಾತ್ರ ಅನ್ನಿಸುತ್ತದೆ. 2020ರ ‘ವಾಚ್ ಡಾಗ್ಸ್: ಲೀಜನ್’ನಲ್ಲಿ ಲಂಡನ್ನಿನ ಯಾವ ದಾರಿಹೋಕರನ್ನಾದರೂ ನಾಯಕರಾಗಿಸಿಕೊಳ್ಳಬಹುದು. ಎಲ್ಲರೂ ನಾಯಕರಾದ ಮೇಲೆ ಯಾರ ಮುಖವೂ ನೆನಪಿರುವುದಿಲ್ಲ. ಅದೇ ವರ್ಷದ ‘ಗೆನ್‌ಶಿನ್ ಇಂಪ್ಯಾಕ್ಟ್’ ಫೋನಿನಲ್ಲೂ ಓಡುವುದರಿಂದ ನಮ್ಮ ಹುಡುಗ ಹುಡುಗಿಯರಿಗೆ ಹತ್ತಿರದ್ದು. ಅದರಲ್ಲಿ ನಾಲ್ವರ ತಂಡ, ಆದರೆ ನಾಲ್ವರೂ ನಿಂತಿರುವುದು ಒಂದೇ ಜಾಗದಲ್ಲಿ. ಒಬ್ಬಳು ನೀರು ಎರಚಿದ ಮೇಲೆ ಇನ್ನೊಬ್ಬಳನ್ನು ಕರೆದು ಹಿಮ ಬೀಸಿದರೆ ಶತ್ರು ಹೆಪ್ಪುಗಟ್ಟುತ್ತಾನೆ. ಅದು ಆಯುಧ ಬದಲಿಸುವ ಲೆಕ್ಕ. ಹೊಸ ಪಾತ್ರಕ್ಕಾಗಿ ಲಾಟರಿಯಂತೆ ಚೀಟಿ ಎತ್ತುತ್ತ ಹಣ ಸುರಿಯುವ ಚಟವೂ ಜೊತೆಗೆ ಬರುತ್ತದೆ. 2025ರ ‘ಅಸಾಸಿನ್ಸ್ ಕ್ರೀಡ್ ಶ್ಯಾಡೋಸ್’ ಪರವಾಗಿಲ್ಲ. ಅಲ್ಲಿ ನಾವೊಯೆ ಗೋಡೆ ಏರಿ ನೆರಳಲ್ಲಿ ನುಸುಳುವವಳು, ಯಾಸುಕೆ ಬಾಗಿಲು ಮುರಿದು ನುಗ್ಗುವ ಸಮುರಾಯ್. ಯಾರ ಮೈಯಲ್ಲಿದ್ದೀರೋ ಅದಕ್ಕೆ ತಕ್ಕಂತೆ ಅದೇ ಕೋಟೆ ಬೇರೆ ಕೋಟೆಯಾಗುತ್ತದೆ.

ಇಷ್ಟೆಲ್ಲ ಪರದೇಶದ ಮಾತಾಯಿತು ಅನ್ನಬೇಡಿ. ಬೆಂಗಳೂರಿನಲ್ಲಿ 1997ರಲ್ಲೇ ರಾಜೇಶ್ ರಾವ್ ಅವರ ಧ್ರುವ ಇಂಟರಾಕ್ಟಿವ್ ಶುರುವಾಗಿತ್ತು. ಜಿಟಿಎ ತಯಾರಿಸುವ ರಾಕ್‌ಸ್ಟಾರ್ 2016ರಲ್ಲಿ ಬೆಂಗಳೂರಿನಲ್ಲಿ ತನ್ನ ಸ್ಟುಡಿಯೊ ತೆರೆಯಿತು, 2019ರಲ್ಲಿ ಧ್ರುವವನ್ನೂ ಕೊಂಡು ಸೇರಿಸಿಕೊಂಡಿತು. 2018ರ ‘ರೆಡ್ ಡೆಡ್ ರಿಡೆಂಪ್ಶನ್ 2’ರ ಕೆಲಸದಲ್ಲಿ ಬೆಂಗಳೂರಿನ ಕೈಗಳಿವೆ. ಅನಿಮೇಷನ್ ಮತ್ತು ಗೇಮಿಂಗ್‌ಗೆ 2012ರಲ್ಲೇ ನೀತಿ ಮಾಡಿದ ರಾಜ್ಯ ನಮ್ಮದು. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಅಮೆರಿಕದ ಕಾಡು, ಕುದುರೆ, ಮರದ ಮನೆಗಳಿಗೆ ಇಲ್ಲಿನವರು ದುಡಿಯುತ್ತಾರೆ. ಕೊಡಗಿನ ಕಾಡು ದೊಡ್ಡ ಗೇಮಿಗೆ ಬಂದದ್ದನ್ನು ನಾನಿನ್ನೂ ಕಂಡಿಲ್ಲ.

ಬರುವುದಾದರೆ ಕೊಡಗಿನ ಯಾವ ಕಥೆ? ತೋಟ, ಮಂಜು, ಆನೆ ಎಂದು ಯಾರಾದರೂ ಹೇಳಿಯಾರು. ಬಂದೂಕಂತೂ ಗೇಮಿನವರಿಗೆ ಪ್ರಿಯವೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರ ಪರವಾನಗಿಯಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ. ಆದರೆ ಕೈಲ್‌ಪೊಳ್ದ್‌ನಲ್ಲಿ ಹೂವಿಟ್ಟು ಪೂಜಿಸುವ ಕೋವಿಗೂ ಲಾಸ್ ಸ್ಯಾಂಟೋಸಿನ ಅಂಗಡಿಯಲ್ಲಿ ಕೊಂಡ ಕೋವಿಗೂ ಸಂಬಂಧವಿಲ್ಲ. ಈ ಪಾತ್ರ ಬದಲಾವಣೆಗೆ ಹೇಳಿ ಮಾಡಿಸಿದ ಕಥೆ ಬೇರೆ ಇದೆ. ಅದು 1837ರದು.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರ ರಾಜೇಂದ್ರನನ್ನು ಇಳಿಸಿ ಕಾಶಿಗೆ ಕಳಿಸಿತು. ಕೊಡಗಿಗೆ ಸೇರಿದ್ದ ಸುಳ್ಯ, ಪುತ್ತೂರು ಸೀಮೆಯನ್ನು ಬೇರ್ಪಡಿಸಿ ಕೆನರಾಕ್ಕೆ ಸೇರಿಸಿತು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಿ ಎಂದಿತು. ಮೂರು ವರ್ಷದಲ್ಲಿ ಜನ ಸಿಡಿದೆದ್ದರು. ಅಮರ ಸುಳ್ಯದ ಈ ದಂಗೆಯ ಮುಂದಾಳು ರಾಜನ ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂದು ಜನರಿಗೆ ಹೇಳಲಾಗಿತ್ತು. ನಿಜದಲ್ಲಿ ಅವರು ಪುಟ್ಟಬಸಪ್ಪ, ಕಲ್ಯಾಣಸ್ವಾಮಿಯ ಹೆಸರು ಹೊತ್ತ ಸಾಮಾನ್ಯ ಮನುಷ್ಯ. ಈ ಕಥೆಯಲ್ಲಿ ಪಾತ್ರ ಬದಲಿಸಿದ ಮೊದಲಿಗರು ಅವರೇ! ನಿರಂಜನರು ಇದನ್ನೇ ‘ಕಲ್ಯಾಣಸ್ವಾಮಿ’ ಕಾದಂಬರಿಯಾಗಿ ಬರೆದರು. ಸುಳ್ಯದ ಕೆದಂಬಾಡಿ ರಾಮಯ್ಯ ಗೌಡರು ಜನ ಸೇರಿಸಿದರು, ಮಗನ ಮದುವೆಯ ನೆಪದಲ್ಲಿ ಸೇರಿಸಿದರೆಂದು ಜನ ಇಂದಿಗೂ ಹೇಳುತ್ತಾರೆ. ಏಪ್ರಿಲ್ 5ರಂದು ದಂಗೆಕೋರರು ಮಂಗಳೂರು ಹಿಡಿದು ಬಾವುಟಗುಡ್ಡದ ಮೇಲೆ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದರು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು.

ಇನ್ನೊಂದು ಕಡೆ ಮಡಿಕೇರಿ. ಅಲ್ಲಿ ಅಪ್ಪಾರಂಡ ಬೋಪು ದಿವಾನರು. 1834ರಲ್ಲಿ ರಾಜನ ದಿವಾನರಾಗಿದ್ದುಕೊಂಡೇ ಕಂಪನಿಯ ಸೇನೆಯನ್ನು ಮಡಿಕೇರಿಗೆ ಕರೆತಂದವರು ಅವರು. 1837ರಲ್ಲಿ ಕಂಪನಿಯ ಪರವಾಗಿ ಕೊಡವರನ್ನು ಕಟ್ಟಿಕೊಂಡು ದಂಗೆಯನ್ನು ತಡೆದರು. ಕಂಪನಿಯ ಇನ್ನೊಬ್ಬ ದಿವಾನರಾದ ಲಕ್ಷ್ಮೀನಾರಾಯಣಯ್ಯ ದಂಗೆಯವರ ಜೊತೆ ಸೇರಿದ್ದಾರೆಂಬ ಶಂಕೆಯಲ್ಲಿ ಸೆರೆಯಾದರು. ದಂಗೆಯ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಪುಟ್ಟಬಸಪ್ಪನವರಿಗೆ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲು. ಕಂಪನಿಗೆ ನಿಷ್ಠರಾಗಿದ್ದ ಕೊಡವರಿಗೆ ಚಿನ್ನ ಬೆಳ್ಳಿಯ ಪದಕ ಅಚ್ಚು ಹಾಕಿಸಿ ಕೊಟ್ಟರು.

ಇಂದು ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಪ್ರತಿಮೆ ಇದೆ, 2022ರ ನವೆಂಬರಿನಲ್ಲಿ ನಿಲ್ಲಿಸಿದ್ದು. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆ ಇದೆ. ಯಾರ ಕಡೆಯಿಂದ ಈ ಕಥೆ ಹೇಳಬೇಕೆಂಬುದು ಕೊಡಗಿನಲ್ಲಿ ಈಗಲೂ ಮೈ ಬಿಸಿ ಮಾಡುವ ವಿಷಯ. ಪ್ರತಿಮೆ ಒಬ್ಬರನ್ನು ಮಾತ್ರ ನಿಲ್ಲಿಸಬಲ್ಲದು. ಭಾಷಣಕ್ಕೂ ಸಿನಿಮಾಕ್ಕೂ ಒಬ್ಬ ನಾಯಕ, ಒಬ್ಬ ದ್ರೋಹಿ ಇದ್ದರೆ ಸಲೀಸು. ಚಕ್ರದಲ್ಲಿ ಪುಟ್ಟಬಸಪ್ಪ, ಅಪ್ಪಯ್ಯ ಗೌಡ, ಬೋಪು ದಿವಾನ ಮೂವರನ್ನೂ ಇಟ್ಟು ನೋಡಿ. ಅಪ್ಪಯ್ಯ ಗೌಡರಾಗಿ ಕಾಡಿನಲ್ಲಿ ಅಡಗಿ ಕೂತ ಆಟಗಾರ ಗುಂಡಿ ಒತ್ತುತ್ತಾನೆ, ಕ್ಯಾಮೆರಾ ಸಂಪಾಜೆ ಘಾಟಿಯ ಮೇಲೆ ಹಾದು ಮಡಿಕೇರಿ ಕೋಟೆಗೆ ಇಳಿಯುತ್ತದೆ. ಈಗ ಅವನು ದಿವಾನ. ಅಂಗಳದಲ್ಲಿ ಗಾರೆಯ ಎರಡು ಆನೆ, ಒಳಗೆ ರಾಜನಿಲ್ಲದ ಅರಮನೆ. ಯಾವ ದಾರಿ ಕಾಯಬೇಕೆಂದು ಅಪ್ಪಣೆ ಕೊಡಬೇಕಾದವನು ಇವನೇ, ಆ ದಾರಿಯಲ್ಲಿ ಬರಬೇಕಾದವನೂ ಇವನೇ. ರಾಜನ ಕಾಲದ ಕೊಲೆಗಳು ನೆನಪಿರುವ ಮನುಷ್ಯ ಆ ವಂಶದವನೆನ್ನುವ ಒಬ್ಬ ಮತ್ತೆ ಬರುತ್ತಿದ್ದಾನೆಂದು ಕೇಳಿದಾಗ ಏನು ಲೆಕ್ಕ ಹಾಕಿರಬಹುದು? ಸುಳ್ಯದ ರೈತನಿಗೆ ನಗದು ಕಂದಾಯ ಎಂದರೆ ಏನಾಗಿತ್ತು? ಎರಡೂ ಪ್ರಶ್ನೆ ಒಂದೇ ಕೈಗೆ ಬರುತ್ತದೆ.

ನೆಲ ಕಟ್ಟುವವರು ಒಂದನ್ನು ನೆನಪಿಡಬೇಕು. ಆ ಕೊಡಗಿನಲ್ಲಿ ಇಂದಿನ ಕಾಫಿ ತೋಟಗಳಿಲ್ಲ. ಮಡಿಕೇರಿಯ ಬಳಿ ಫೌಲರ್ ಮೊದಲ ತೋಟ ತೆರೆದದ್ದು 1854ರಲ್ಲಿ. ಕಾಡು, ಏಲಕ್ಕಿ, ಕಣಿವೆಯ ಭತ್ತದ ಗದ್ದೆ, ಐನ್‌ಮನೆಗಳು, ನಾಲ್ಕುನಾಡು ಅರಮನೆ, ಇಷ್ಟು. ದಂಗೆ ನಡೆದದ್ದು ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ, ಬಿರು ಬೇಸಿಗೆ. ಮಂಜಿನ ಪರದೆಯ ಹಂಗೂ ಇಲ್ಲ. ಅರೆಭಾಷೆ, ಕೊಡವ ತಕ್ಕ್, ತುಳು, ಕನ್ನಡ ನಾಲ್ಕೂ ಕಿವಿಗೆ ಬೀಳಬೇಕು, ಪಾತ್ರ ಬದಲಾದಾಗ ಮಾತೂ ಬದಲಾಗಬೇಕು. ಜಿಟಿಎ 5ರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇಲ್ಲ, ಭಾರತದ ಬೇರೆ ಯಾವ ನುಡಿಯೂ ಇಲ್ಲ.

ಜಿಟಿಎ 5 ಇಲ್ಲಿಯವರೆಗೆ 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಅಂಥ ಖರ್ಚಿನ ಗೇಮನ್ನು ನಮ್ಮವರು ನಾಳೆಯೇ ಮಾಡಿಬಿಡಲಿ ಎಂದು ನಾನು ಕೇಳುತ್ತಿಲ್ಲ. ಚಿಕ್ಕದಾಗಿಯೇ ಮಾಡಿ, ಒಂದು ಕೋಟೆ, ಒಂದು ಘಾಟಿ, ಹದಿಮೂರು ದಿನ ಸಾಕು. ಆದರೆ ಬೆಂಗಳೂರಿನಲ್ಲೋ ಮಡಿಕೇರಿಯಲ್ಲೋ ಯಾರಾದರೂ ಕೈ ಹಾಕಿದರೆ ಅವರಲ್ಲಿ ಒಂದು ವಿನಂತಿ: ಬೋಪು ದಿವಾನರನ್ನು ಕೊನೆಯ ಮಿಷನ್‌ನಲ್ಲಿ ಸೋಲಿಸಬೇಕಾದ ಖಳನಾಗಿ ಇಡಬೇಡಿ. ಅವರ ಮುಖವೂ ಆ ಚಕ್ರದಲ್ಲಿರಲಿ. ಅದಿಲ್ಲದಿದ್ದರೆ ಈ ಗೇಮ್ ಮಾಡದಿರುವುದೇ ಒಳ್ಳೆಯದು.